ಕದಿರಪ್ಪನವರ ಅಂಗೈ

ಯಲಹಂಕದ ನಮ್ಮ ಕಾಲೇಜಿನಲ್ಲಿ ಪಾಠಕ್ಕೆ ಓವರ್‌ಹೆಡ್ ಪ್ರೊಜೆಕ್ಟರ್ ಕೊಡುತ್ತಿದ್ದವರು ಅಟೆಂಡರ್ ಕದಿರಪ್ಪ. "ಮೊದ್ಲು ಲೈಟ್ ಆರ್ಸಿ ಮೇಡಂ, ಅದ್ರೊಳಗಿನ ಫ್ಯಾನ್ ಓಡ್ತಾ ಇರ್ಲಿ. ತಣ್ಣಗಾದ್ಮೇಲೆ ಪ್ಲಗ್ ಕೀಳಿ," ಅನ್ನುತ್ತಿದ್ದರು. ವಾಪಸ್ ತಂದರೆ ಪೆಟ್ಟಿಗೆಯ ಮೇಲೆ ಅಂಗೈಯಿಟ್ಟು, ತಣ್ಣಗಾಗಿದೆಯೇ ಎಂದು ನೋಡಿಯೇ ಒಳಗಿಡುತ್ತಿದ್ದರು.

ಒಮ್ಮೆ ಬಸ್ಸಿನ ಅವಸರದಲ್ಲಿ ನಾನು ಬಿಸಿಯಿದ್ದಾಗಲೇ ಪ್ಲಗ್ ಕಿತ್ತೆ. ಬಲ್ಬು ಒಡೆದುಹೋಯಿತು. ಪ್ರಿನ್ಸಿಪಾಲರು ಕೇಳಿದಾಗ "ಕದಿರಪ್ಪನವರೇ ಕಿತ್ತಿದ್ದು ಸರ್," ಎಂದುಬಿಟ್ಟೆ. ಕದಿರಪ್ಪ ಪಕ್ಕದಲ್ಲೇ ನಿಂತಿದ್ದರು. ನನ್ನ ಮುಖ ನೋಡಿದರು, ಅಷ್ಟೇ. ಅವರದು ಗುತ್ತಿಗೆ ಕೆಲಸ, ಕಾಲೇಜಿನವರು ಮರುದಿನವೇ ಬಿಡಿಸಿದರು. ಆರು ತಿಂಗಳಲ್ಲಿ ಕೋಗಿಲಿನ ಮನೆಯಲ್ಲಿ ತೀರಿಕೊಂಡರಂತೆ. ನಾನು ಹೋಗಲಿಲ್ಲ.

ಕಳೆದ ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಹೊಸ ಬಲ್ಬು ಹಾಕಿಸಿದ್ದ ಅದೇ ಪ್ರೊಜೆಕ್ಟರ್ ತಂದು ಪಾಠ ಮಾಡಿದೆ. ಮುಗಿದ ಮೇಲೆ ಮೈಮರೆತು ನೇರವಾಗಿ ಪ್ಲಗ್ ಕಿತ್ತೆ. ಲೈಟ್ ಆರಿತು, ಫ್ಯಾನ್ ನಿಲ್ಲಲಿಲ್ಲ. ಪೆಟ್ಟಿಗೆ ಮುಟ್ಟಿ ನೋಡಿದೆ. ಎಲ್ಲ ಕಡೆ ಸುಡುತ್ತಿತ್ತು, ಮೇಲ್ಗಡೆ ಒಂದು ಅಂಗೈಯಗಲ ಮಾತ್ರ ತಣ್ಣಗಿತ್ತು.

ಮುಂದಿನ ಬೆಂಚಿನ ಲುಬ್ನಾ ಕೇಳಿದಳು, "ಮ್ಯಾಮ್, ಪ್ಲಗ್ ನಿಮ್ ಕೈಯಲ್ಲೇ ಇದೆಯಲ್ಲ?"

"ಒಳಗೆ ಕರೆಂಟ್ ಉಳಿದಿರುತ್ತೆ ಕಣಮ್ಮ," ಎಂದೆ. ಅದೂ ಸುಳ್ಳೇ.

ಮಕ್ಕಳೆಲ್ಲ ನೋಡುತ್ತಾ ಕೂತರು. ಪೆಟ್ಟಿಗೆ ಪೂರ್ತಿ ತಣ್ಣಗಾದ ಮೇಲೆಯೇ ಫ್ಯಾನ್ ನಿಂತಿತು.