ನಿದ್ದೆಗಣ್ಣಿನ ಹೂಂ

ನಾನು ಹೂಂ ಅಂದದ್ದು ನಿಜ. ಯಾವುದಕ್ಕೆ ಅಂದೆ ಅನ್ನುವುದು ಮಾತ್ರ ಭಾನುವಾರದವರೆಗೆ ನನಗೇ ಗೊತ್ತಿರಲಿಲ್ಲ.

ಭಾನುವಾರ ರಮೀಜ ಸರ್ ಅವರ ಅಕ್ಕ ದಿಲ್ಶಾದ ಆಪಾ ಪೇಡೆಯ ಡಬ್ಬಿ ಹಿಡಿದು ಶಿಗ್ಗಾವಿಯ ನಮ್ಮ ಮನೆಗೆ ಬಂದರು. "ನಿಮ್ಮ ಶಾಹೀನ ಹೂಂ ಅಂದಾಳಂತ. ಅದಕ್ಕ ಮಾತಾಡ್ಕೊಂಡು ಹೋಗೂಣು ಅಂತ ಬಂದೇನಿ."

ಅಮ್ಮೀ ಖುಷಿಯಿಂದ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಾನು ಚಹಾದ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲೇ ಹೌಹಾರಿ ನಿಂತೆ.

ರಮೀಜ ಸರ್, ನಾನು ಇಬ್ಬರೂ ಸವಣೂರಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರು. ನನ್ನದು ಕನ್ನಡ, ಅವರದು ಅರ್ಥಶಾಸ್ತ್ರ. ಹೆಸರಿಗೆ ಅತಿಥಿ, ದುಡಿಮೆ ಮಾತ್ರ ಮನೆಯವರಿಗಿಂತ ಹೆಚ್ಚು. ಸಂಜೆ ಹುಬ್ಬಳ್ಳಿ ಬಸ್ಸು ಹತ್ತುವ ಹೊತ್ತಿಗೆ ಮೈ ಹಣ್ಣಾಗಿ, ಗಂಟಲು ಒಣಗಿ, ಯಾರಾದರೂ ಹೆಸರು ಕೇಳಿದರೂ ಅಳು ಬರುವ ಹಾಗಿರುತ್ತದೆ.

ನಾನು ಕಿಟಕಿಗೆ ತಲೆ ಆನಿಸುತ್ತೇನೆ. ಹಿಂದಿನ ಸೀಟಿನಲ್ಲಿ ಕೂತು ರಮೀಜ ಸರ್ ಏನಾದರೂ ಕಥೆ ಹೇಳುತ್ತಾರೆ. ಬಂಕಾಪುರದ ಅವರ ಚಾಚಾ ನವಿಲಿನ ಜೊತೆ ಜಗಳಕ್ಕೆ ಬಿದ್ದದ್ದು, ಯಲವಿಗಿ ಸ್ಟೇಷನ್ನಿನಲ್ಲಿ ಮದುವೆಯ ಮಂದಿಯೆಲ್ಲ ತಪ್ಪು ರೈಲು ಹತ್ತಿದ್ದು. ನಾನು ಕಣ್ಣು ಮುಚ್ಚಿ ಹೂಂ, ಹೂಂ ಅನ್ನುತ್ತೇನೆ. ಕಥೆ ಕೇಳುವವರು ಹೂಂಗುಟ್ಟಲೇಬೇಕು, ಇಲ್ಲದಿದ್ದರೆ ಕಥೆ ಅಲ್ಲೇ ನಿಲ್ಲುತ್ತದೆ.

ಇಬ್ಬರೂ ಶಿಗ್ಗಾವಿಯಲ್ಲಿ ಇಳಿಯುವಾಗ ಮಾತ್ರ ಒಮ್ಮೆ ಅವರತ್ತ ನೋಡುತ್ತಿದ್ದೆ. ತಾವೇ ಹೇಳಿದ ಕಥೆಗೆ ನಗು ತಡೆಯಲಾರದೆ ಕೆಳತುಟಿ ಕಚ್ಚಿಕೊಂಡಿರುತ್ತಿದ್ದರು. ಆ ಮುಖ ನೋಡುವ ಆಸೆಗೇ ಇಡೀ ದಿನ ತಳ್ಳುತ್ತಿದ್ದೆ ಅಂತ ಯಾರಿಗೂ ಹೇಳಿರಲಿಲ್ಲ.

ಸೋಮವಾರ ಸ್ಟಾಫ್ ರೂಮಿನಲ್ಲಿ ಅವರೊಬ್ಬರೇ ಸಿಕ್ಕಾಗ ಉರಿದುಬಿದ್ದೆ. "ನಾ ಹೂಂ ಅಂದಿದ್ದು ಕತಿಗೆ ರೀ, ನಿಮಗಲ್ಲ. ನಿದ್ದಿಗಣ್ಣಾಗ ಅಂದಿದ್ದನ್ನ ಹಿಡಕೊಂಡು ಮನೀತನಕ ಮಂದಿ ಕಳಸೂದ?"

ಅವರು ಕೈಯಲ್ಲಿದ್ದ ಚಹಾ ಲೋಟ ಮೇಜಿನ ಮೇಲಿಟ್ಟರು.

"ನೀವು ಎಚ್ಚರ ಅದೀರಿ ಅಂತ ತಿಳಿದಿದ್ದೆ, ಮೇಡಂ. ತಪ್ಪಾತು. ಆಪಾಗ ಇನ್ನ ಹೋಗಬ್ಯಾಡ ಅಂತ ಹೇಳ್ತೇನಿ. ಹಿರೇಕೆರೂರಿನ ಕಾಲೇಜಿನವರು ಕರದಾರ, ಶನಿವಾರದೊಳಗ ಹೇಳಬೇಕು. ಅಲ್ಲಿಗೇ ಹೋಗಿಬಿಡ್ತೇನಿ."

ಅವತ್ತು ಬಸ್ಸಿನಲ್ಲಿ ಏನು ಕೇಳಿದ್ದರು ಎಂದು ವಿಚಾರಿಸಲೂ ನನ್ನ ಬಿಗುಮಾನ ಬಿಡಲಿಲ್ಲ. ಅವರು ನನಗೆ ಬೇಡವಾಗಿದ್ದರೇ? ಅಯ್ಯೋ, ಹಾಗಿರಲಿಲ್ಲ. ಇಷ್ಟು ವರ್ಷ ನನ್ನ ಓದು, ಕೆಲಸ ಎಲ್ಲದಕ್ಕೂ ಬೇರೆಯವರೇ ಹೂಂ ಅಂದಿದ್ದರು. ಇದೊಂದನ್ನಾದರೂ ಎಚ್ಚರವಾಗಿದ್ದು ನಾನೇ ಹೇಳಬೇಕಿತ್ತು. ಸಿಟ್ಟು ಅಷ್ಟಕ್ಕೇ.

ಶುಕ್ರವಾರ ಕಾಲೇಜಿನಲ್ಲಿ 'ಖರೇ ಕತಿ' ಕಾರ್ಯಕ್ರಮವಿತ್ತು. ನಡೆಸುವವಳು ನಾನೇ. ಕೈಯಲ್ಲಿ ಚೀಟಿ ಇರಬಾರದು, ತನಗೆ ಆದದ್ದನ್ನೇ ಹೇಳಬೇಕು, ಕೇಳುವವರು ಹೂಂಗುಟ್ಟಬೇಕು. ಬಿ.ಎ. ಓದುವ ಮಂಜುಳಾ, ಸೆಲ್ಫಿ ತೆಗೆಯುವ ಮೊದಲು ಅಜ್ಜಿ ಹಲ್ಲಿನ ಸೆಟ್ಟಿಗಾಗಿ ಮನೆ ಬುಡಮೇಲು ಮಾಡಿದ್ದನ್ನು ಹೇಳಿ ನಗಿಸಿದಳು. ಕೊನೆಗೆ ಹುಡುಗರು "ರಮೀಜ ಸರ್!" ಎಂದು ಗದ್ದಲ ಎಬ್ಬಿಸಿದರು.

ಅವರು ಒಲ್ಲದ ಮನಸ್ಸಿನಿಂದ ಎದ್ದು ಮೈಕ್ ಹಿಡಿದರು. "ನಂದು ಸಣ್ಣ ಕತಿ. ದಿನಾ ಸಂಜೀಕ ಈ ನೌಕರಿ ಬಿಟ್ಟುಬಿಡಬೇಕು ಅನಸ್ತೈತಿ."

"ಹೂಂ!" ಇಡೀ ಹಾಲ್ ಗುಡುಗಿತು.

"ಬಸ್ಸಿನ್ಯಾಗ ಒಬ್ಬರು ನನ್ನ ಹಾಳುಮೂಳು ಕತಿ ಕೇಳ್ತಿದ್ರು. ಅವರು ಹೂಂ ಅಂದ್ರ, ಇರ್ಲಿ, ನಾಳೆ ಒಂದಿನ ಬರೂಣು ಅನಸ್ತಿತ್ತು. ಹಿಂಗ ಮೂರು ವರ್ಷ ಬಂದೆ."

"ಹೂಂ!"

"ಅವರು ನನಗಿಂತ ದಣದಿರ್ತಿದ್ರು. ದಣದೋರು ಅಂದ ಹೂಂನ ನನ್ನ ಸಲುವಾಗಿ ಅಂದ್ರು ಅಂತ ತಿಳಕೊಂಡೆ."

ಈ ಸಲ ಯಾರೂ ಹೂಂ ಅನ್ನಲಿಲ್ಲ. ಮುಂದಿನ ಸಾಲಿನ ಹುಡುಗಿಯರು ಮೊಬೈಲ್ ಕೆಳಗಿಟ್ಟರು. ನನ್ನ ಕಡೆ ಒಮ್ಮೆಯೂ ನೋಡದೆ "ಕತಿ ಮುಗೀತ್ರಿ" ಎಂದು ಅವರು ಇಳಿದುಬಿಟ್ಟರು. ಹೆಸರು ಬಾಯಿಬಿಡದೆ ನನ್ನ ಮರ್ಯಾದೆ ಕಾಯ್ದಿದ್ದರು.

ಸಂಜೆ ಬಸ್ಸಿನಲ್ಲಿ ಹಿಂದಿನ ಸೀಟು ಖಾಲಿಯಿದ್ದರೂ ಅವರು ಮುಂದೆ ಬಾಗಿಲ ಬಳಿ ಕಂಬಿ ಹಿಡಿದು ನಿಂತರು.

"ರಮೀಜ ಸರ್, ಇಲ್ಲೆ ಬರ್ರಿ!" ಕೂಗಿದೆ. ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ನೋಡಲಿ.

ಬಂದರು.

"ಅವತ್ತು ಏನಂದಿದ್ರಿ? ಇನ್ನೊಮ್ಮೆ ಹೇಳ್ರಿ. ಈಗ ಎಚ್ಚರ ಅದೇನಿ."

"ಬ್ಯಾಡ ಬಿಡ್ರಿ, ಮೇಡಂ."

"ಹೇಳ್ರಿ ಅಂದ್ರ ಹೇಳ್ರಿ."

ಅವರ ಕಿವಿ ಕೆಂಪಾದವು. ನನ್ನನ್ನು ನೋಡಿದರು, ಕಿಟಕಿ ನೋಡಿದರು, ಮತ್ತೆ ನನ್ನನ್ನು ನೋಡಿದರು. "ಮೂರು ವರ್ಷ ನಿಮ್ಮ ಹಿಂದ ಕುಂತೇನಿ. ಇನ್ನ ಜನ್ಮಪೂರ್ತಿ ಬಾಜೂಕ ಕುಂದರ್ಲೇನು ಅಂತ ಕೇಳಿದ್ದೆ."

ಇಷ್ಟು ಚಂದದ ಮಾತಿಗೆ ನಿದ್ದೆ ಹೊಡೆದಿದ್ದೆನಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಪಕ್ಕದ ಸೀಟಿನ ಮೇಲಿದ್ದ ಬ್ಯಾಗು ತೆಗೆದು ತೊಡೆಯ ಮೇಲಿಟ್ಟುಕೊಂಡೆ.

"ಕುಂದರ್ರಿ. ಹಿರೇಕೆರೂರಿಗೆ ಬರೂದಿಲ್ಲಂತ ಇವತ್ತ ಫೋನ್ ಮಾಡ್ರಿ. ಭಾನುವಾರ ಆಪಾನ್ನ ಕಳಸ್ರಿ."

"ಖರೇನ?"

"ಖರೇನ ರೀ. ನನಗೂ ನೀವ ಬೇಕು."

ಅವರು ಕೂತರು. ಕಥೆ ಹೇಳುವ ಶಕ್ತಿ ಅವರಿಗಿರಲಿಲ್ಲ, ಕೇಳುವ ಶಕ್ತಿ ನನಗಿರಲಿಲ್ಲ. ಅವರ ಹೆಗಲಿಗೆ ತಲೆ ಇಟ್ಟದ್ದೊಂದು ನೆನಪು.

"ಶಿಗ್ಗಾಂವ ಹಿಂದ ಹೋತ್ರಿ ಸರ, ತಡಸ ಬಂತು!" ಕಂಡಕ್ಟರ್ ಬಂದು ಅವರನ್ನು ಎಬ್ಬಿಸಿದ. "ಅಕ್ಕಾರಿಗೆ ಫ್ರೀ ಐತಿ. ನೀವು ಬ್ಯಾರೆ ಟಿಕೆಟ್ ತಗೀಬೇಕ್ರಿ."

"ಸಾವಕಾಶ ಮಾತಾಡ್ರಿ. ಮಕ್ಕೊಂಡಾರ," ಎಂದು ರಮೀಜ ಪಿಸುಗುಟ್ಟಿದರು. ಒಂದೇ ಕೈಯಲ್ಲಿ ಕಿಸೆ ತಡಕಾಡಿದರೇ ಹೊರತು ಹೆಗಲು ಅಲುಗಿಸಲಿಲ್ಲ.

ನಾನು ಎಚ್ಚರವಾಗಿಯೇ ಇದ್ದೆ, ಕಣ್ಣು ಮಾತ್ರ ತೆರೆಯಲಿಲ್ಲ.