ಸಂಬಂಧ ಇದ್ದವರು ಹೊರಗೆ

ನಾನು ಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಮೆಟ್ರೊ ಸ್ಟೇಷನ್ನಿನಿಂದ ಮನೆಗೆ ವಾಪಸ್ ಓಡಿದವಳು ನಾನು. ಲಿಫ್ಟಿನಲ್ಲಿ ಒಬ್ಬಳೇ ಹೋಗುವುದಿಲ್ಲ. ಬಹುಶಃ ಅದಕ್ಕೇ ಈ ಕೆಲಸ ನನಗೆ ಒಗ್ಗಿತು. ಜಯನಗರದ ಒಂದು ಟ್ರಸ್ಟಿನಲ್ಲಿ ಅನುದಾನದ ಕರಾರು ಬರೆಯುತ್ತೇನೆ. ಯಾವ ಬಗೆಯ ಯೋಜನೆಗೆ ದುಡ್ಡು ಕೊಡಬಹುದು, ಯಾವುದಕ್ಕೆ ಕೂಡದು ಎಂದು ಕರಾರಿನಲ್ಲಿ ವ್ಯಾಖ್ಯೆ ಕೊಡುವುದು ನನ್ನ ಪಾಲಿಗೆ ಬಂದ ಕೆಲಸ. ಎಲ್ಲಿ ಏನು ಎಡವಟ್ಟಾದೀತು ಎಂದು ಮುಂಚೆಯೇ ಊಹಿಸಿ ಹೆದರುವವರಿಗೆ ಅದು ಚೆನ್ನಾಗಿ ಬರುತ್ತದೆ.

ಪ್ರಮೋದ್ ಮೊದಲ ಸಲ ಬಂದ ದಿನ ನಾನು ತಲೆ ಎತ್ತಲಿಲ್ಲ. ನೀರಿನ ಕ್ಯಾನಿನವರು ಬರಬೇಕಿತ್ತು. ಬಾಗಿಲಲ್ಲಿ ನೆರಳು ಕಂಡಿದ್ದೇ ತಡ, ಆ ಸ್ಟೂಲ್ ಮೇಲೆ ಇಡಿ ಅಂದೆ. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಸ್ಟೂಲಿನ ಮೇಲೆ ನೀಲಿ ಫೈಲು, ಅದರ ಪಕ್ಕದಲ್ಲಿ ಕೈಕಟ್ಟಿ ನಿಂತ ಒಬ್ಬ ಮನುಷ್ಯ.

“ಅಪ್ಲಿಕೇಶನ್ ಎಲ್ಲಾ ಸ್ಟೂಲ್ ಮೇಲೇ ಇಡೋದಾ ಮೇಡಂ ಇಲ್ಲಿ?” ಎಂದ. ತುಟಿಯಲ್ಲಿ ನಗು ಇರಲಿಲ್ಲ, ಕಣ್ಣಲ್ಲಿ ಇತ್ತು.

ನನ್ನ ಕಿವಿ ಬಿಸಿಯಾಯಿತು. ಕುರ್ಚಿ ಎಳೆದು ಕೂರಿಸಿ, ಕೇಳದಿದ್ದರೂ ಕಾಫಿ ತರಿಸಿದೆ. ಅವನು ಕೋಣನಕುಂಟೆಯ ಹಳೇ ಊರಿನವನು, ಒಂದು ಕಾಲೇಜಿನಲ್ಲಿ ಲ್ಯಾಬ್ ಅಸಿಸ್ಟೆಂಟ್. ಅವನ ತಾಯಿ ಇಂದ್ರಾಣಿ ಕನಕಪುರ ರಸ್ತೆಯ ಅಪಾರ್ಟ್‌ಮೆಂಟುಗಳಲ್ಲಿ ವರ್ಷಗಟ್ಟಲೆ ಮನೆಗೆಲಸ ಮಾಡಿದವರು. ಬೆಳಗಿನ ಕೆಲಸ ಮುಗಿದ ಮೇಲೆ ಸಂಜೆಯ ಪಾಳಿವರೆಗೆ ಆ ಹೆಂಗಸರಿಗೆ ಹೋಗಲು ಜಾಗವಿಲ್ಲ. ಮನೆ ದೂರ, ಬಸ್ಸಿಗೆ ಹೋಗಿ ಬರುವಷ್ಟರಲ್ಲಿ ಹೊತ್ತಾಗಿರುತ್ತದೆ. ಹಾಗಾಗಿ ಕಾಂಪೌಂಡಿನ ಪಕ್ಕ ಫುಟ್‌ಪಾತಿನಲ್ಲೇ ಕೂರುತ್ತಾರೆ. ಅವರಿಗಾಗಿ ಪ್ರಮೋದ್ ಮತ್ತು ಗೆಳೆಯರು ಒಂದು ರೂಮು ಬಾಡಿಗೆಗೆ ಹಿಡಿದಿದ್ದರು. ಈಗ ಗೆಳೆಯರು ಒಬ್ಬೊಬ್ಬರೇ ಕೈ ಬಿಟ್ಟಿದ್ದರು. ಯುಗಾದಿಯೊಳಗೆ ಅನುದಾನ ಸಿಗದಿದ್ದರೆ ರೂಮಿಗೆ ಬೀಗ.

“ಅಲ್ಲಿ ಏನಾದ್ರೂ ಕಲಿಸ್ತೀರಾ?” ಎಂದು ಕೇಳಿದೆ.

“ಇಲ್ಲ ಮೇಡಂ.”

“ಡಾಕ್ಟರ್ ಬರ್ತಾರಾ?”

“ಇಲ್ಲ.”

“ಮತ್ತೆ ಏನ್ ನಡೆಯುತ್ತೆ?”

“ಕಾಲು ಚಾಚ್ಕೊಂಡು ಮಲಗ್ತಾರೆ,” ಎಂದ.

ನಮ್ಮ ಕರಾರಿನಲ್ಲಿ ಅರ್ಹ ಯೋಜನೆಗಳಿಗೆ ಮೂರೇ ವರ್ಗ: ಶಿಕ್ಷಣ, ಆರೋಗ್ಯ, ಜೀವನೋಪಾಯ. ಕಲಿಯುವುದು, ಗುಣವಾಗುವುದು, ಸಂಪಾದಿಸುವುದು. ಬರೀ ಮಲಗುವುದು ಯಾವುದರೊಳಗೂ ಬರುತ್ತಿರಲಿಲ್ಲ. ಆವತ್ತೇ ಫೈಲು ವಾಪಸ್ ಕೊಡಬೇಕಿತ್ತು. ನೋಡೋಣ ಅಂದೆ.

ಆಮೇಲೆ ಅವನು ಬರತೊಡಗಿದ. ಪ್ರತಿಸಲ ಒಂದು ಹೊಸ ಅನುಮಾನ. ‘ಆರೋಗ್ಯಕ್ಕೆ ನೇರವಾಗಿ ಸಂಬಂಧಿಸಿದ’ ಎಂದು ಬರೆದಿದ್ದೀರಲ್ಲ, ಎಷ್ಟು ನೇರ ಮೇಡಂ ಎನ್ನುವನು. ಸ್ಕೇಲ್ ಇಟ್ಟು ಅಳೆಯೋಷ್ಟು ಎನ್ನುವೆ. ಓದುವಾಗ ಹೆಬ್ಬೆರಳಿನಿಂದ ಕೆಳತುಟಿ ಒತ್ತಿಕೊಳ್ಳುವುದು ಅವನ ಅಭ್ಯಾಸ. ನಾನು ಅದನ್ನೇ ನೋಡುತ್ತಿದ್ದಾಗ ಅವನು ತಲೆ ಎತ್ತಿದರೆ, ಗೋಡೆಯ ಕ್ಯಾಲೆಂಡರಿನಲ್ಲಿ ಏನೋ ಹುಡುಕುವವಳಂತೆ ನಟಿಸುತ್ತಿದ್ದೆ. ಆ ಕ್ಯಾಲೆಂಡರಿನ ತಿಂಗಳು ಬದಲಾಯಿಸಿಲ್ಲ ಎಂದು ಒಮ್ಮೆ ಅವನೇ ಹೇಳಿದ.

ಬರುವಾಗ ಖಾರ ಹಾಕಿ ಹುರಿದ ಕಾಂಗ್ರೆಸ್ ಕಡ್ಲೆಕಾಯಿ ಪೊಟ್ಟಣ ತರುತ್ತಿದ್ದ. ಅರ್ಜಿದಾರರಿಂದ ನಾವು ಒಂದು ಪೆನ್ನನ್ನೂ ಉಡುಗೊರೆಯಾಗಿ ತೆಗೆದುಕೊಳ್ಳುವ ಹಾಗಿಲ್ಲ. ಹಾಗೆಂದು ಹೇಳಿದೆ. ಅವನು ಅರ್ಧ ತಿಂದು, ಉಳಿದದ್ದನ್ನು ಅದೇ ಸ್ಟೂಲಿನ ಮೇಲೆ ಬಿಟ್ಟು ಹೊರಟ.

“ಮರೆತು ಹೋಗಿದ್ದು ಗಿಫ್ಟ್ ಆಗಲ್ಲ ಅಲ್ವಾ ಮೇಡಂ? ನಿಮ್ಮ ಡೆಫಿನಿಷನ್ ನೋಡಿದೀನಿ,” ಎಂದು ಬಾಗಿಲಿನಿಂದ ಹೇಳಿದ.

ಆ ಖಾರದ ಕಡ್ಲೆಕಾಯಿಯನ್ನು ಸಂಜೆಯವರೆಗೆ ಒಂದೊಂದೇ ತಿಂದೆ. ಅವತ್ತಿನಿಂದಲೇ ಇರಬೇಕು, ನನ್ನ ಹೆದರಿಕೆಗಳ ಸಾಲಿಗೆ ಅವನೂ ಸೇರಿದ. ಅವನು ಬಂದರೆ ಎದೆ ಹೊಡೆದುಕೊಳ್ಳುತ್ತಿತ್ತು. ಬರದಿದ್ದರೆ ಇನ್ನೂ ಜೋರಾಗಿ ಹೊಡೆದುಕೊಳ್ಳುತ್ತಿತ್ತು.

ಜಾಗ ನೋಡಿ ವರದಿ ಕೊಡಬೇಕು ಎಂಬುದು ನಿಯಮ. ಒಂದು ಮಧ್ಯಾಹ್ನ ಕೋಣನಕುಂಟೆಗೆ ಹೋದೆ. ಗೋಡೆಯಲ್ಲಿ ಬುದ್ಧನ ಚಿತ್ರ, ಬಾಬಾಸಾಹೇಬರ ಫೋಟೊ. ನೆಲದ ಮೇಲೆ ಚಾಪೆ, ಸೆರಗು ಮುಖದ ಮೇಲೆಳೆದುಕೊಂಡು ಮಲಗಿದ ಹೆಂಗಸರು. ಫ್ಯಾನಿನದೊಂದೇ ಸದ್ದು. ಇಂದ್ರಾಣಿಯಮ್ಮ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲಲ್ಲಿ ಕೂತಿದ್ದರು. ಬಂದವರು ಮೊದಲು ಹೋಗುವುದು ಎಲ್ಲಿಗೆ ಎಂದು ಅವರೇ ತೋರಿಸಿದರು. ಹಿಂಭಾಗದ ಟಾಯ್ಲೆಟ್ಟಿಗೆ. ಬೆಳಿಗ್ಗೆ ಕೆಲಸ ಮಾಡುವ ಮನೆಗಳಲ್ಲಿ ಇವರು ನೀರು ಕುಡಿಯುವುದಿಲ್ಲವಂತೆ. ಕುಡಿದರೆ ಹೋಗಬೇಕಾಗುತ್ತದಲ್ಲ, ಎಲ್ಲಿಗೆ ಹೋಗೋದು ತಾಯಿ ಎಂದರು.

ನಮ್ಮ ಮನೆಗೆಲಸದ ಜಯದೇವಿ ನೆನಪಾದಳು. ಎಷ್ಟು ಸಲ ನೀರು ಕೊಟ್ಟರೂ ಬಾಯಾರಿಕೆ ಇಲ್ಲಮ್ಮ ಎನ್ನುತ್ತಿದ್ದಳು. ನಾನು ಅದನ್ನು ನಂಬಿದ್ದೆ.

ಸ್ಟೇಷನ್ನಿನವರೆಗೆ ಪ್ರಮೋದ್ ನಡೆದು ಬಂದ. ಟ್ರೈನು ಹೊರಟಾಗ ಗಾಜಿನಾಚೆ ನಿಂತಿದ್ದವನು ಕೈ ಎತ್ತಿದ, ಬೀಸಲು ಮರೆತು ಹಾಗೇ ನಿಂತ. ಆ ಕೈಯನ್ನು ಬನಶಂಕರಿ ದಾಟುವವರೆಗೂ ನೋಡುತ್ತಲೇ ಇದ್ದೆ ಅನ್ನಿಸುತ್ತದೆ. ನನಗೆ ಅವನು ಬೇಕಾಗಿದ್ದ.

ಆಫೀಸಿಗೆ ಬಂದು ನಾಲ್ಕನೇ ವರ್ಗ ಬರೆಯಲು ಕೂತೆ. ಸಾಲು ಅಗಲವಾದರೆ ಯಾರು ಬೇಕಾದರೂ ನುಗ್ಗುತ್ತಾರೆ. ಕಿರಿದಾದರೆ ಅವನೇ ಹೊರಗೆ. ಬರೆದೆ, ಹೊಡೆದು ಹಾಕಿದೆ, ಮತ್ತೆ ಬರೆದೆ. ‘ದುಡಿಯುವವರ ಆರೋಗ್ಯಕ್ಕೆ ಪೂರಕವಾದ ವಿಶ್ರಾಂತಿ, ಕುಡಿಯುವ ನೀರು ಮತ್ತು ಶೌಚದ ಸೌಕರ್ಯಗಳು’ ಎಂದು ಕೊನೆಗೆ ನಿಂತಿತು. ಕಮಿಟಿಯ ವಿಮಲಾ ಮೇಡಂ, ನಿವೃತ್ತ ಆಡಿಟರ್, ಓದಿದ ಕೂಡಲೇ ಇದರಡಿ ನಾಳೆ ಕ್ಲಬ್ಬಿನವರೂ ಬರ್ತಾರೆ ಎಂದರು. ಮೀಟಿಂಗಿನಲ್ಲಿ ನಾನು ಪಟ್ಟು ಹಿಡಿದರೆ ಮಾತ್ರ ಆ ಸಾಲು ಉಳಿಯುತ್ತಿತ್ತು.

ನನ್ನನ್ನು ನಿಜವಾಗಿ ಹೆದರಿಸಿದ್ದು ಇನ್ನೊಂದು ನಿಯಮ. ಪ್ರತಿ ಅರ್ಜಿಗೆ ಮುಂಚೆ ನಮ್ಮ ಅಧ್ಯಕ್ಷರು ಶಶಿಧರ್ ಸಾರ್ ಕನ್ನಡಕದ ಮೇಲಿನಿಂದ ಎಲ್ಲರನ್ನೂ ನೋಡಿ, ಈ ಅರ್ಜಿದಾರರ ಜೊತೆ ಯಾರಿಗಾದರೂ ಸಂಬಂಧ ಇದೆಯೇ ಎಂದು ಕೇಳುತ್ತಾರೆ. ಇದ್ದವರು ಪೆನ್ನು ಮೇಜಿನ ಮೇಲಿಟ್ಟು ಎದ್ದು, ವರಾಂಡದ ಬೆಂಚಿನ ಮೇಲೆ ಹೋಗಿ ಕೂರಬೇಕು. ಗಂಟೆ ಹೊಡೆಯುವವರೆಗೆ ಒಳಗೆ ಬರುವಂತಿಲ್ಲ. ಮುಚ್ಚಿಟ್ಟದ್ದು ಆಮೇಲೆ ತಿಳಿದರೆ ಅನುದಾನವೇ ರದ್ದು. ಹಿಂದೊಬ್ಬ ಸದಸ್ಯರು ಭಾಮೈದನ ಸಂಸ್ಥೆಯ ವಿಷಯ ಬಾಯಿ ಬಿಟ್ಟಿರಲಿಲ್ಲ. ಆ ಶಾಲೆಯ ಕಟ್ಟಡ ಇವತ್ತಿಗೂ ಅರ್ಧಕ್ಕೆ ನಿಂತಿದೆ.

ಸಂಬಂಧ ಎಂದರೇನು ಎಂದೂ ಕರಾರು ಹೇಳುತ್ತದೆ. ರಕ್ತಸಂಬಂಧ, ಮದುವೆ, ವ್ಯವಹಾರ. ಬರೆದವಳು ನಾನೇ. ಅರ್ಧ ಪೊಟ್ಟಣ ಕಡ್ಲೆಕಾಯಿ ಈ ಯಾವುದರಲ್ಲೂ ಬರುವುದಿಲ್ಲ. ಅವನು ಏನೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಕಾಗದದ ಪ್ರಕಾರ ನಾನು ಬಾಯಿ ಮುಚ್ಚಿಕೊಂಡು ಕೂರಬಹುದಿತ್ತು.

ಮೀಟಿಂಗಿನ ದಿನ ಬೆಳಿಗ್ಗೆ ಉಪ್ಪಿಟ್ಟನ್ನು ತಟ್ಟೆಯಲ್ಲೇ ಬಿಟ್ಟೆ. ಯಾಕೆ ಮುಖ ಹೀಗಿದೆ ಎಂದು ಅಮ್ಮ ಕೇಳಿದರು. ಕರಾರಿನ ಟೆನ್ಷನ್ ಅಂದೆ. ಆಫೀಸಿನ ವರಾಂಡದಲ್ಲಿ ಅರ್ಜಿದಾರರು ಕಾಯುತ್ತಿದ್ದರು. ಪ್ರಮೋದ್ ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲಿ ಬೆಂಚಿನ ತುದಿಯಲ್ಲಿ ಕೂತಿದ್ದ. ನೋಡಿದ, ನಗಲಿಲ್ಲ. ಅವನಿಗೂ ಭಯವಾಗಿತ್ತು.

ಅವನದು ಕೊನೆಯ ಅರ್ಜಿ. ಅದರ ಸರದಿ ಬಂತು. ಶಶಿಧರ್ ಸಾರ್ ಎಂದಿನ ಪ್ರಶ್ನೆ ಕೇಳಿ, ಎಂದಿನಂತೆ ಯಾರೂ ಇಲ್ಲ ಎಂದು ಬರೆದುಕೊಳ್ಳಲು ಬಗ್ಗಿದರು. ಮಾತಾಡಿದರೆ ನಾಲ್ಕನೇ ವರ್ಗದ ಪರವಾಗಿ ಒಳಗೆ ಯಾರೂ ಇರುವುದಿಲ್ಲ, ಆ ಹೆಂಗಸರು ಮತ್ತೆ ಫುಟ್‌ಪಾತಿಗೆ. ಮಾತಾಡದಿದ್ದರೆ ಮುಂದೆಂದಾದರೂ ನಾನು ಅವನ ಕೈ ಹಿಡಿದ ದಿನ ಎಲ್ಲವೂ ರದ್ದಾಗಿ, ಮುಚ್ಚಿಟ್ಟು ಗಿಟ್ಟಿಸಿದವನು ಎಂಬ ಹೆಸರು ಅವನ ಮೇಲೆ ಬರುತ್ತದೆ. ಪೆನ್ನು ಮೇಜಿನ ಮೇಲಿಟ್ಟೆ.

“ನನಗೆ ಇದೆ ಸಾರ್,” ಅಂದೆ.

“ಯಾವ ಸಂಬಂಧಮ್ಮ?”

“ನಮ್ಮ ಡೆಫಿನಿಷನ್‌ನಲ್ಲಿ ಬರಲ್ಲ ಸಾರ್. ಆದ್ರೆ ಇದೆ. ನನ್ನ ಕಡೆಯಿಂದ ಇದೆ. ಅವರ ಕಡೆಯಿಂದ ಗೊತ್ತಿಲ್ಲ.”

ವಿಮಲಾ ಮೇಡಂ ಕಾಫಿ ಲೋಟ ಕೆಳಗಿಟ್ಟರು. ನಾನು ಎದ್ದು ಹೊರಗೆ ಬಂದೆ.

ವರಾಂಡದಲ್ಲಿ ಈಗ ಅವನೊಬ್ಬನೇ ಉಳಿದಿದ್ದ. ಬೆಂಚೂ ಒಂದೇ. ಇನ್ನೊಂದು ತುದಿಯಲ್ಲಿ ಕೂತೆ.

“ಯಾಕ್ ಮೇಡಂ ಹೊರಗೆ ಬಂದ್ರಿ? ಈಗ ನಮ್ದೇ ಅಲ್ವಾ?” ಎಂದ.

ನಾನು ನೆಲ ನೋಡುತ್ತಿದ್ದೆ. ಅವನು ಬುದ್ಧಿವಂತ, ನಿಯಮಗಳನ್ನು ನನಗಿಂತ ಹೆಚ್ಚು ಸಲ ಓದಿದವನು. ಈ ಬೆಂಚಿಗೆ ಯಾರು ಬಂದು ಕೂರುತ್ತಾರೆ ಎಂದು ಅವನಿಗೆ ಗೊತ್ತಿತ್ತು. ಅವನ ಮುಖದ ಬಣ್ಣ ಇಳಿಯಿತು.

ಎದ್ದು ಗೇಟಿನವರೆಗೆ ಹೋದ, ತಿರುಗಿ ಬಂದ. ನಾಲ್ಕನೇ ಕೆಟಗರಿ ಪರವಾಗಿ ಒಳಗೆ ಇನ್ಯಾರಿದ್ದಾರೆ ಎಂದು ಕೇಳಿದ. ಯಾರೂ ಇಲ್ಲ ಅಂದೆ. ಅಮ್ಮ ಅಲ್ಲಿ ಎಲ್ಲರಿಗೂ ಇವತ್ತು ಆಗೋಗುತ್ತೆ ಅಂತ ಹೇಳಿಬಿಟ್ಟಿದ್ದಾರೆ ಎಂದ.

“ಒಂದು ಗಂಟೆ ಸುಮ್ನಿದ್ದಿದ್ರೆ ಆಗ್ತಿತ್ತಲ್ಲ, ಹಂಸಾ.”

ಅವನು ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅದು ಹೀಗೆ ಬರುತ್ತದೆ ಎಂದು ನಾನು ಯಾವ ಹೆದರಿಕೆಯಲ್ಲೂ ಊಹಿಸಿರಲಿಲ್ಲ. ಅವನು ಹೇಳಿದ್ದು ಸರಿಯಿತ್ತು. ಕೇಳದವನ ಮೇಲೆ ನನ್ನ ಪ್ರೀತಿಯನ್ನು ಹೇರಿ, ಆ ಹೆಂಗಸರ ಚಾಪೆ ಎಳೆದುಬಿಟ್ಟಿದ್ದೆ. ಆಗ ಒಳಗೆ ಗಂಟೆ ಹೊಡೆಯಿತು. ಅವನನ್ನು ಕರೆದರು.

ಕಿಟಕಿಗೆ ಬರೀ ಸೊಳ್ಳೆ ಪರದೆ. ಒಳಗಿನದು ಕೇಳುತ್ತಿತ್ತು. ಅರ್ಜಿದಾರರಿಗೂ ಅದೇ ಪ್ರಶ್ನೆ ಕೇಳಬೇಕು ಎಂಬುದನ್ನು ಅಲ್ಲಿಯವರೆಗೂ ಮರೆತಿದ್ದೆ. ಈ ಸಂಸ್ಥೆಯ ಯಾರ ಜೊತೆಗಾದರೂ ನಿಮಗೆ ಸಂಬಂಧ ಇದೆಯೇ ಎಂದರು ಶಶಿಧರ್ ಸಾರ್. ಇಲ್ಲ ಎಂದರೆ ಅವನ ಅರ್ಜಿಗೆ ಒಳ್ಳೆಯದು. ಹುಡುಗಿಯ ಹುಚ್ಚು ಎಂದು ನನ್ನನ್ನು ಬದಿಗಿಟ್ಟು ಅದನ್ನು ಪರಿಶೀಲಿಸಬಹುದು. ಇಲ್ಲ ಅನ್ನಲಿ ಎಂದು ಬೇಡಿಕೊಂಡೆ. ಅನ್ನದಿರಲಿ ಎಂದೂ ಬೇಡಿಕೊಂಡೆ. ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ.

ಒಳಗೆ ಕುರ್ಚಿ ಸರಿದ ಸದ್ದಾಯಿತು.

“ಇದೆ ಸಾರ್,” ಎಂದ. “ಹೊರಗೆ ಕೂತಿದ್ದಾರಲ್ಲ, ಅವರ ಜೊತೆ. ಅವರು ಹೇಳಿದ್ಮೇಲೆ ನಾನು ಇಲ್ಲ ಅಂದ್ರೆ ಅದು ಸುಳ್ಳಾಗುತ್ತೆ.”

ಅದರ ನಂತರದ ಮಾತು ನನಗೆ ಕೇಳಲಿಲ್ಲ. ಕಿವಿಯೊಳಗೆ ನನ್ನದೇ ಎದೆಯ ಸದ್ದು ತುಂಬಿತ್ತು.

ಅವನು ಹೊರಬಂದಾಗ ಬಿಳಿ ಶರ್ಟು ಬೆನ್ನಿಗೆ ಅಂಟಿತ್ತು. ಈ ಸಲ ತುದಿಯಲ್ಲಿ ಕೂರಲಿಲ್ಲ, ನನ್ನ ಪಕ್ಕದಲ್ಲೇ ಕೂತ. ನಾನು ಬರೆದ ಸಾಲನ್ನು ಹೊಡೆದು ಹಾಕಿದರು ಎಂದ. ನಾನು ಏಳಹೊರಟೆ. ತಡೀರಿ, ಪೂರ್ತಿ ಕೇಳಿ ಎಂದ. ಸಂಬಂಧ ಇದ್ದವಳು ಬರೆದದ್ದು ನಿಲ್ಲುವ ಹಾಗಿಲ್ಲವಂತೆ. ಹಾಗಾಗಿ ವಿಮಲಾ ಮೇಡಂ ಪೆನ್ನು ತೆಗೆದುಕೊಂಡು ಅವನನ್ನು ಎಲ್ಲಾ ಕೇಳಿ ತಾವೇ ಬರೆದರಂತೆ. ಮನೆಗೆಲಸದವರು ದಣಿವಾರಿಸಿಕೊಳ್ಳುವ, ನೀರು ಕುಡಿಯುವ, ಶೌಚಕ್ಕೆ ಹೋಗುವ ಜಾಗ, ಅಷ್ಟೇ, ಬೇರೇನೂ ಬೇಡ. ಸದ್ಯಕ್ಕೆ ಒಂದು ವರ್ಷದ ಅನುದಾನ. ಪ್ರತಿ ಬಿಲ್ಲನ್ನೂ ಅವರೇ ನೋಡುತ್ತಾರೆ.

“ಅವರು ಹೇಗೆ ಒಪ್ಪಿದ್ರು?” ಎಂದೆ.

“ಆ ಹುಡುಗಿ ಸುಮ್ನೆ ಕೂತಿದ್ರೆ ನಮಗ್ಯಾರಿಗೂ ಗೊತ್ತಾಗ್ತಿರ್ಲಿಲ್ಲ, ತಾನಾಗೇ ಎದ್ದು ಹೋದವಳು ಜಾಗದ ವರದಿಯಲ್ಲಿ ಸುಳ್ಳು ಬರೆದಿರಲ್ಲ ಅಂದ್ರು.”

ಅವನು ನನ್ನ ಕಡೆ ತಿರುಗಿದ. ಆಗಲೇ ಆಡಿದ ಮಾತಿಗೆ ಬೇಜಾರು ಮಾಡ್ಕೋಬೇಡಿ, ಭಯದಲ್ಲಿ ಆಡಿದ್ದು ಎಂದ. ಇನ್ನು ಅವನ ಫೈಲನ್ನು ನಾನು ಮುಟ್ಟುವ ಹಾಗಿಲ್ಲ, ಅದನ್ನೂ ಬರೆದುಕೊಂಡಿದ್ದಾರೆ ಎಂದು ತಿಳಿಸಿದ. ಜೇಬಿನಿಂದ ಪೊಟ್ಟಣ ತೆಗೆದ. ಇನ್ನೂ ಬಿಚ್ಚಿರಲಿಲ್ಲ. ಪಕ್ಕದಲ್ಲಿ ಇಡಲಿಲ್ಲ, ನನ್ನ ಅಂಗೈ ಬಿಡಿಸಿ ಅದರಲ್ಲಿಟ್ಟು ಬೆರಳು ಮಡಚಿದ.

“ಇದು ಮರೆತಿದ್ದಲ್ಲ. ಗಿಫ್ಟು,” ಎಂದ.

ಸಂಜೆ ಮನೆಗೆ ಹೋಗಿ ಅಮ್ಮನಿಗೆ ಅವನ ಹೆಸರು ಹೇಳಬೇಕು. ಹೆಸರಿನ ಹಿಂದೆಯೇ ಯಾರ ಪೈಕಿ ಎಂಬ ಪ್ರಶ್ನೆ ಬರುತ್ತದೆ. ಜಯದೇವಿಗೆ ನಮ್ಮ ಬಾತ್‌ರೂಮಿನ ಬಾಗಿಲು ತೋರಿಸಬೇಕು, ಅದಕ್ಕೂ ಅಮ್ಮನ ಮುಖ ನೋಡಬೇಕು. ನನ್ನ ಕೈ ಇನ್ನೂ ಅವನ ಕೈಯೊಳಗೇ ಇತ್ತು.

“ನಂಗೆ ಹೆದರಿಕೆ ಆಗ್ತಿದೆ,” ಅಂದೆ.

“ನಂಗೂ,” ಎಂದ. ಕೈ ಮಾತ್ರ ಬಿಡಲಿಲ್ಲ.