ಡಾಕ್ಟರಮ್ಮನಿಗೆ ಪಾತ್ರವಿಲ್ಲ

"ಪುಟ ತಿರುವಬೇಡಿ. ಅದರಲ್ಲಿ ನೀವಿಲ್ಲ."

ಹನ್ನೆರಡು ವರ್ಷಗಳ ಮೇಲೆ ಎದುರಾದ ಮನುಷ್ಯ ಆಡಿದ ಮೊದಲ ಮಾತು ಇದು! ಹೇಗಿದ್ದೀರಿ ಅಂತಲಾದರೂ ಕೇಳಬಾರದೇ?

ಅವಳು ಸಿನಿಮಾ ಆಫೀಸಿನ ಹೊರಕೋಣೆಯಲ್ಲಿ ಕೂತು, ಮೇಜಿನ ಮೇಲಿಂದ ಎತ್ತಿಕೊಂಡು ಓದುತ್ತಿದ್ದ ಸ್ಕ್ರಿಪ್ಟ್ ಮುಚ್ಚಿ ತಲೆಯೆತ್ತಿದಳು. ಅವನ ಕೂದಲು ಅರ್ಧಕ್ಕರ್ಧ ಬೆಳ್ಳಗಾಗಿತ್ತು. ಅಂಗಿಯ ಜೇಬಿನಲ್ಲಿ ಮಾತ್ರ ಅದೇ ಇಂಕಿನ ಕಲೆ. ಅಯ್ಯೋ, ಈ ಹಾಳು ಮನಸ್ಸು ಇನ್ನೂ ಅದನ್ನೆಲ್ಲ ನೋಡುತ್ತದಲ್ಲ!

ಒಂದು ಕಾಲದಲ್ಲಿ ಮನೆಮನೆಯವರೂ ಕೆಲಸ ಬಿಟ್ಟು ನೋಡುತ್ತಿದ್ದ ಪತ್ತೇದಾರಿ ಟಿವಿ ಧಾರಾವಾಹಿಯೊಂದರಲ್ಲಿ ಇಬ್ಬರೂ ಜೊತೆಗಿದ್ದರು. ಹೆಣ ಪರೀಕ್ಷಿಸಿ ಸತ್ಯ ಹೇಳುವ ಡಾಕ್ಟರಮ್ಮನ ಪಾತ್ರ ಅವಳದು. ಕಥೆ, ಸಂಭಾಷಣೆ ಇವನದು. ನೂರನಲವತ್ತು ಕಂತು ಮುಗಿದ ಮೇಲೆ ಒಂದು ದಿನ ಮೇಕಪ್ ಕುರ್ಚಿಯಲ್ಲಿ ಕೂತು ಮುಂದಿನ ಕಂತಿನ ಹಾಳೆ ಓದಿದಳು. ಡಾಕ್ಟರಮ್ಮ ಕಾರು ಅಪಘಾತದಲ್ಲಿ ತೀರಿಕೊಂಡರು. ಅಷ್ಟೇ... ಅದೂ ಕಥಾನಾಯಕನಾದ ಇನ್‌ಸ್ಪೆಕ್ಟರಿಗೆ ಬಂದ ಒಂದು ಫೋನಿನಲ್ಲಿ!

"ಅಯ್ಯೋ, ನೀವು ಸತ್ತು ಹೋದ್ರಲ್ಲಮ್ಮಾ!" ಎಂದು ತರಕಾರಿ ಅಂಗಡಿಯಲ್ಲಿ ಕೆನ್ನೆ ಮುಟ್ಟಿ ನೋಡುವವರಿದ್ದರು. ಸತ್ತ ಮುಖಕ್ಕೆ ಪಾತ್ರ ಕೊಡುವವರು ಮಾತ್ರ ಇರಲಿಲ್ಲ. ಡಬ್ಬಿಂಗ್ ಸ್ಟುಡಿಯೋದಲ್ಲಿ ಗುಂಪಿನ ನಡುವೆ ನಿಂತು "ಓಡಿ, ಓಡಿ" ಎಂದು ಕಿರುಚುವುದೇ ಈಗ ಹೊಟ್ಟೆಪಾಡು. ಅದೇ ಧಾರಾವಾಹಿ ಸಿನಿಮಾ ಆಗುತ್ತದೆಂದು ಕೇಳಿ, ಕರೆಯದಿದ್ದರೂ ಬಂದಿದ್ದಳು. ಸಿನಿಮಾದ ಕಥೆ ಮೊದಲಿನಿಂದ ಶುರು. ಅಲ್ಲಿ ಡಾಕ್ಟರಮ್ಮ ಇನ್ನೂ ಸತ್ತಿಲ್ಲ! ಇದೊಂದು ಕೈ ತಪ್ಪಿದರೆ ಇನ್ನು ನಟನೆ ಇಲ್ಲ ಎಂದು ಅವಳಿಗೆ ಗೊತ್ತಿತ್ತು.

"ನನ್ನ ಪಾತ್ರ ಯಾರಿಗೆ ಕೊಟ್ರಿ?"

"ಯಾರಿಗೂ ಇಲ್ಲ. ಅಷ್ಟೂ ಕಂತು ಎರಡೂವರೆ ಗಂಟೆಗೆ ಇಳೀಬೇಕು. ಡಾಕ್ಟರಮ್ಮನ ಮಾತೆಲ್ಲ ಇನ್‌ಸ್ಪೆಕ್ಟರ್ ಬಾಯಿಗೆ ಹೋಯ್ತು. ಬೇಡ ಅಂತ ಬಡ್ಕೊಂಡೆ... ಡೈರೆಕ್ಟರು ಕೇಳ್ಲಿಲ್ಲ."

"ನೀವು ಬಡ್ಕೊಂಡ್ರಾ? ಅವತ್ತು ಕೊಂದವರೇ ನೀವಲ್ವಾ! ನನ್ನ ನಟನೆ ಅಷ್ಟು ಕೆಟ್ಟದಾಗಿತ್ತಾ?"

ಅವನು ತಲೆ ತಗ್ಗಿಸಿದ.

"ಇನ್‌ಸ್ಪೆಕ್ಟರಿಗೂ ಡಾಕ್ಟರಮ್ಮನಿಗೂ ಮದುವೆ ಮಾಡ್ಸಿ ಅಂದ್ರು ಚಾನೆಲ್‌ನವರು. ನಾಲ್ಕು ಸಲ ಬರೆದೆ, ನಾಲ್ಕು ಸಲ ಹರಿದೆ. ನೀವು ಇನ್ನೊಬ್ಬನ ಕೈ ಹಿಡಿಯೋದನ್ನ... ಸುಳ್ಳಿಗೂ ಬರೆಯೋಕಾಗ್ಲಿಲ್ಲ ನನ್ನ ಕೈಲಿ. ಐದನೇ ಸಲ ಅಪಘಾತ ಬರೆದುಬಿಟ್ಟೆ."

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪ್ರೀತಿಸಿದ್ದಕ್ಕೆ ಕೊಂದನಂತೆ! ಏನು ಹೇಳೋಣ ಇಂಥವರಿಗೆ? ಶೂಟಿಂಗ್ ಮುಗಿದ ಮೇಲೂ, ಗೊತ್ತಿದ್ದ ಪದಗಳಿಗೇ ಅರ್ಥ ಕೇಳುತ್ತ ತಾನು ಇವನ ಮೇಜಿನ ಮುಂದೆ ನಿಲ್ಲುತ್ತಿದ್ದದ್ದು ಯಾಕೆಂದುಕೊಂಡಿದ್ದ, ಈ ಪೆದ್ದ?

"ಊರಿಗೆಲ್ಲ ಮಾತು ಬರ್ಕೊಡೋರು, ನನಗೊಂದು ಮಾತು ಹೇಳ್ಬಾರದಿತ್ತಾ?"

"ಧೈರ್ಯ ಬರ್ಲಿಲ್ಲ. ಇವತ್ತಿಗೂ ಒಬ್ನೇ ಇದ್ದೀನಿ."

"ನಾನು ಹೂಂ ಅಂತಿದ್ದೆ ಕಣ್ರೀ..."

ಒಳಗಿನಿಂದ ಯಾರೋ ಕೂಗಿದರು. "ರೈಟರ್ ಸಾರ್, ಸ್ಕ್ರಿಪ್ಟ್ ಓದೋಕೆ ಶುರು ಮಾಡೋಣ್ವಾ?"

"ಈ ಸಿನಿಮಾನೇ ಬಿಟ್ಟುಬಿಡ್ತೀನಿ," ಎಂದ ಅವನು.

"ಬಿಟ್ರೆ ನನಗೆ ಪಾತ್ರ ಸಿಗುತ್ತಾ?"

"ಇಲ್ಲ."

"ಹೋದ ಹನ್ನೆರಡು ವರ್ಷ?"

ಅವನು ಅವಳ ಕೈಯಿಂದ ಸ್ಕ್ರಿಪ್ಟ್ ತೆಗೆದು ಮೇಜಿನ ಮೇಲಿಟ್ಟ.

ಅಲ್ಲಿಗೆ ಮುಗಿಯಿತು. ಇನ್ನು ಯಾವ ಕ್ಯಾಮೆರಾದ ಮುಂದೆಯೂ ತಾನು ನಿಲ್ಲುವುದಿಲ್ಲ ಎಂಬುದು ಅವಳಿಗೆ ಖಚಿತವಾಯಿತು. ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅವನು ದಿಕ್ಕು ತೋಚದೆ ಬಾಗಿಲ ಕಡೆ ತಿರುಗಿದ.

"ಎಲ್ಲಿಗೆ?" ಎಂದಳು.

"ನನ್ನ ಮುಖ ನೋಡೋಕೂ ನಿಮಗೆ ಬೇಡವೇನೋ ಅಂತ..."

"ಬನ್ನಿ, ಕೂತ್ಕೊಳ್ಳಿ ಇಲ್ಲಿ."

ಅವನು ಪಕ್ಕದಲ್ಲಿ ಕೂತ. ಅವಳು ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಒಳಗಿನಿಂದ ಮತ್ತೆ ಕೂಗಿದರು, ಇಬ್ಬರೂ ಏಳಲಿಲ್ಲ.

"ಕ್ಷಮಿಸಿದ್ರಾ?"

"ಇಲ್ಲ."

"ಮತ್ತೆ... ಕೈ?"

"ಕ್ಷಮಿಸೋಕೆ ಆಗಲ್ಲ ರೀ... ಬಿಡೋಕೂ ಆಗ್ತಿಲ್ಲ."